ಖೈರೂನಬಿ ನೋಡದ ಸಮುದ್ರ

1969ರ ಜನವರಿ. ಆಗ ನಾನು ಚಿತ್ತಾಪುರ ತಾಲೂಕಿನ ವಾಡಿಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ವಾಡಿ ಜಂಕ್ಷನ್, ರಾವೂರ ಮತ್ತು ಸುತ್ತಲಿನ ಹನ್ನೊಂದು ಹಳ್ಳಿಗಳು ನನ್ನ ಸರ್ಕಲ್‌ಗೆ ಸೇರಿದ್ದವು. ಸಿಡುಬಿನ ಲಸಿಕೆ ಹಾಕುವುದು, ಕುಡಿಯುವ ನೀರಿನ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು, ಎಲ್ಲಾದರೂ ಸಾಂಕ್ರಾಮಿಕ ರೋಗ ಕಂಡರೆ ಇಪ್ಪತ್ತನಾಲ್ಕು ತಾಸಿನೊಳಗೆ ಮೇಲಕ್ಕೆ ವರದಿ ಕಳಿಸುವುದು, ಇಷ್ಟು ನನ್ನ ಕೆಲಸ. ಕಚೇರಿ ಒಂದು ಕೋಣೆ, ವಾಹನ ಒಂದು ಸೈಕಲ್ಲು.

ಮೂವತ್ತು ವರ್ಷಕ್ಕೂ ಮಿಕ್ಕಿ ಈ ಇಲಾಖೆಯಲ್ಲಿ ದುಡಿದವನಿಗೆ ಹೇಳಲು ಕಾಲರಾದ ಕಥೆಗಳಿವೆ, ಪ್ಲೇಗಿನ ಹೆದರಿಕೆಯ ಕಥೆಗಳಿವೆ. ಮೊಮ್ಮಕ್ಕಳ ಮುಂದೆ ಅವನ್ನು ಹೇಳಿದ್ದೇನೆ. ಈ ಒಂದನ್ನು ಹೇಳಿರಲಿಲ್ಲ.

ನಮ್ಮ ಭಾಗದ ಮುಸಲ್ಮಾನರು ಆಗ ಹಜ್ ಯಾತ್ರೆಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಹಡಗಿನಲ್ಲೇ. ವಾಡಿಯಲ್ಲಿ ರೈಲು ಹತ್ತಿ ಮುಂಬೈಗೆ, ಅಲ್ಲಿಂದ ಹಡಗು ಹತ್ತಿ ಜಿದ್ದಾಕ್ಕೆ. ಹಡಗಿನಲ್ಲಿ ಜಾಗ ಕಡಿಮೆ, ಅರ್ಜಿ ಹೆಚ್ಚು. ಚೀಟಿ ಎತ್ತಿ ಹೆಸರು ತೆಗೆಯುತ್ತಿದ್ದರು. ಹೆಸರು ಬಂದವರು ಸಿಡುಬು ಮತ್ತು ಕಾಲರಾದ ಲಸಿಕೆ ಹಾಕಿಸಿಕೊಂಡು ಒಂದು ಹಳದಿ ಪುಸ್ತಕದಲ್ಲಿ ಸಹಿ, ಮುದ್ರೆ ಪಡೆಯಬೇಕಿತ್ತು. ಆ ಪುಸ್ತಕವಿಲ್ಲದೆ ಹಡಗಿನ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಹೀಗಾಗಿ ನನ್ನ ಸರ್ಕಲ್‌ನ ಯಾತ್ರಿಗಳೆಲ್ಲ ಮೊದಲು ನನ್ನ ಕೋಣೆಗೆ ಬರುತ್ತಿದ್ದರು.

ಆ ವರ್ಷ ರಾವೂರದ ಮಹಬೂಬಸಾಬ್ ಮತ್ತು ಅವರ ಹೆಂಡತಿ ಖೈರೂನಬಿಯ ಹೆಸರು ಬಂದಿತ್ತು. ಮಹಬೂಬಸಾಬ್ ಫರಸಿ ಕಲ್ಲಿನ ಗಣಿಯೊಂದರಲ್ಲಿ ಮೇಸ್ತ್ರಿ. ಮಾತು ಕಡಿಮೆ. ಕಲ್ಲಿನ ಧೂಳು ಹುಬ್ಬಿನ ಮೇಲೆ ಕೂತು ಕೂತು ಬೆಳ್ಳಗಾದ ಮುಖ. ಆರನೆಯ ಸಲ ಹಾಕಿದ ಅರ್ಜಿ ಅದು. ಖೈರೂನಬಿಗೆ ಐವತ್ತೆಂಟೋ ಅರವತ್ತೋ ಇರಬೇಕು. ಗಂಡ ಆಡದ ಮಾತನ್ನೆಲ್ಲ ಸೇರಿಸಿ ಆಕೆಯೇ ಆಡುತ್ತಿದ್ದಳು.

ಲಸಿಕೆ ಹಾಕಿಸಿಕೊಂಡು ತೋಳು ಒತ್ತಿಕೊಳ್ಳುತ್ತ ಆಕೆ ಕೇಳಿದಳು: “ಸಾಹೇಬ್ರ, ನೀವು ಮುಂಬೈದಾಗ ಓದೀರಂತಲ್ರಿ?”

ಹೌದು. ಸ್ಯಾನಿಟರಿ ಇನ್‌ಸ್ಪೆಕ್ಟರ್ ಕೋರ್ಸಿಗೆಂದು ಒಂದು ವರ್ಷ ಅಲ್ಲಿನ ಭಾಯಖಳಾದ ಚಾಳಿನಲ್ಲಿದ್ದೆ.

“ಹಂಗಾದ್ರ ನಮಗ ಒಂದು ಬರದ ಕೊಡ್ರಿ. ಮುಂಬೈದಾಗ ಏನೇನು ನೋಡೂದು, ಹ್ಯಾಂಗ ಹೋಗೂದು. ಜಹಾಜ್ ಹತ್ತೂದಕ ನಾಕ್ ದಿನ ಮೊದಲ ಹೋಗ್ತೀವಿ.”

ಮಹಬೂಬಸಾಬರು ತಲೆ ಎತ್ತದೆ ಅಂದರು: “ಹಜ್‌ಕ ಹೊಂಟೀವಿ. ಸೈರ್‌ಕ, ಊರು ನೋಡ್ಲಿಕ್ಕ ಹೊಂಟಿಲ್ಲ.”

“ಸೈರ್ ಮಾಡಿದ್ರ ಹಜ್ ಮುರೀತದೇನು? ನಲವತ್ತು ವರ್ಷ ನಿಮ್ಮ ಕೂಡ ಬಾಳುವೆ ಮಾಡೀನಿ. ಈ ಕಡಿ ವಾಡಿ, ಆ ಕಡಿ ಶಹಾಬಾದ. ಉರುಸಿಗಿ ಅಂತ ಎರಡು ಸಲ ಕಲಬುರ್ಗಿ. ಇನ್ನೇನು ತೋರಿಸೀರಿ?” ಎಂದು ಗಂಡನ ಬಾಯಿ ಮುಚ್ಚಿಸಿ ನನ್ನ ಕಡೆ ತಿರುಗಿದಳು. “ಖರೆ ಹೇಳಬೇಕಂದ್ರ ನನಗ ದರಿಯಾದ ಹೆದರಿಕಿ ಅದರಿ. ಒಮ್ಮೆಲೇ ಜಹಾಜ್ ಹತ್ತು ಅಂದ್ರ ಎದಿ ಒಡೀತದ. ಮೊದಲ ದಂಡಿ ಮ್ಯಾಲ ನಿಂತು ನೋಡ್ತೀನಿ. ಗುರ್ತಾದ್ರ ಹೆದರಿಕಿ ಹೋಗ್ತದ.”

ನನಗೆ ಆ ಮಾತು ಬಹಳ ಹಿಡಿಸಿತು. ಸಮುದ್ರದ ಗುರುತು ಮಾಡಿಕೊಳ್ಳಲು ನಾಲ್ಕು ದಿನ! ನಾನು ಆ ಕೆಲಸವನ್ನು ಕಚೇರಿಯ ಕೆಲಸಕ್ಕಿಂತ ಶ್ರದ್ಧೆಯಿಂದ ಮಾಡಿದೆ. ನಿಜಾಮನ ಕಾಲದಲ್ಲಿ ಸೇಡಂನ ಶಾಲೆಯಲ್ಲಿ ಉರ್ದುವಿನಲ್ಲೇ ಓದಿದವನಾದ್ದರಿಂದ, ಮಹಬೂಬಸಾಬರಿಗೆ ಓದಲು ಬರಲೆಂದು ಉರ್ದುವಿನಲ್ಲೇ ಬರೆದೆ. ಹಡಗು ಹೊರಡುವುದು ಮಂಗಳವಾರ. ಅದರ ಹಿಂದಿನ ಗುರುವಾರ ಸಂಜೆ ನಾಲ್ಕೂವರೆಗೆ ವಾಡಿಯಲ್ಲಿ ಗಾಡಿ ಹತ್ತಬೇಕು. ಶುಕ್ರವಾರ ಬೆಳಿಗ್ಗೆ ಮುಂಬೈ. ಸ್ಟೇಷನ್ನಿಗೆ ಹತ್ತಿರವಿದ್ದ ಮುಸಾಫಿರಖಾನೆಯಲ್ಲಿ ಸಾಮಾನು ಇಳಿಸಿ ಸ್ನಾನ, ಜುಮ್ಮಾ ನಮಾಜು, ವಿಶ್ರಾಂತಿ. ಬಿಸಿಲು ತಗ್ಗಿದ ಮೇಲೆ ಅಪೋಲೊ ಬಂದರಿನ ದಂಡೆಗೆ, ಸಮುದ್ರದ ಮೊದಲ ಭೇಟಿ. ಶನಿವಾರ ಎರಡಂತಸ್ತಿನ ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಹಿಡಿದು ರಾಣಿ ಬಾಗಿಗೆ. ಅಲ್ಲಿ ಆನೆ, ಹುಲಿ, ನೀರಾನೆ. ಭಾನುವಾರ ಹಾಜಿ ಅಲಿ ದರ್ಗಾ. ಅದು ಸಮುದ್ರದ ನಡುವೆ ಇದೆ. ಭರತ ಬಂದಾಗ ಹೋಗುವ ದಾರಿ ನೀರಿನಲ್ಲಿ ಮುಳುಗುತ್ತದೆ. ಆ ಭಾನುವಾರ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆಂದು ಮುಂಬೈಯ ಹಳೆಯ ಗೆಳೆಯನಿಗೆ ಕಾರ್ಡು ಬರೆದು ಕೇಳಿ, ಉತ್ತರ ತರಿಸಿಕೊಂಡು, ಹನ್ನೊಂದರಿಂದ ಮೂರರೊಳಗೆ ಹೋಗಿ ಬರಬೇಕೆಂದು ಕೆಂಪು ಶಾಯಿಯಲ್ಲಿ ಬರೆದೆ. ಸೋಮವಾರ ಕಾಗದಪತ್ರ, ಆರೋಗ್ಯ ತಪಾಸಣೆ. ಮಂಗಳವಾರ ಹಡಗು.

ಖೈರೂನಬಿ ಗಂಡನಿಂದ ಅದನ್ನು ಮೂರು ಸಲ ಓದಿಸಿ ಕೇಳಿದಳು. ಮೂರನೆಯ ಸಲಕ್ಕೆ ಎಲ್ಲವೂ ಆಕೆಗೆ ಬಾಯಿಪಾಠವಾಗಿತ್ತು.

ಗುರುವಾರ ಗಾಡಿ. ಬುಧವಾರ ಮಧ್ಯಾಹ್ನ ರಾವೂರದ ಪೊಲೀಸ್ ಪಾಟೀಲರು ಆಳಿನ ಕೈಲಿ ಚೀಟಿ ಕಳಿಸಿದರು. ಮಹಬೂಬಸಾಬರ ಸೊಸೆಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದಿವೆ, ಊರವರು ದೇವಿ ಬಂದಾಳೆ ಅನ್ನುತ್ತಿದ್ದಾರೆ, ಬಂದು ನೋಡಿ ಎಂದು.

ಆ ಚಳಿಗಾಲ ರಾಜ್ಯದ ಗಡಿಯ ಆಚೆಯಿಂದ ಸಿಡುಬಿನ ಸುದ್ದಿ ಬರುತ್ತಿತ್ತು. ಸಿಡುಬಾದ ಮನೆಯವರು, ಲಸಿಕೆ ಹಾಕಿಸಿಕೊಂಡಿದ್ದರೂ, ಹದಿನಾಲ್ಕು ದಿನ ಊರು ಬಿಡುವಂತಿಲ್ಲ, ಹೊರದೇಶಕ್ಕಂತೂ ಹೊರಡುವಂತೆಯೇ ಇಲ್ಲ ಎಂದು ನಮಗೆ ಆದೇಶವಿತ್ತು. ನನಗಿಂತ ಮೊದಲು ಇದೇ ಕುರ್ಚಿಯಲ್ಲಿ ಕೂತಿದ್ದವರು ಒಂದು ಪ್ರಕರಣ ಮುಚ್ಚಿಟ್ಟರೆಂದು ಅಮಾನತಾಗಿ ಮನೆಯಲ್ಲಿದ್ದರು. ಅವರ ಜಾಗಕ್ಕೆ ನಾನು ಬಂದು ಎಂಟು ತಿಂಗಳಾಗಿತ್ತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ರಾವೂರ ಮುಟ್ಟಿದೆ. ಮನೆಯ ಮುಂದೆ ಚಪ್ಪರ. ಯಾತ್ರಿಗಳನ್ನು ಬೀಳ್ಕೊಡಲು ಶಹಾಬಾದ, ಕುರಕುಂಟಾದಿಂದ ನೆಂಟರು ಬಂದಿದ್ದರು. ಒಲೆಯ ಮೇಲೆ ದೊಡ್ಡ ಹಂಡೆ. ನನ್ನ ಕೈಗೆ ಯಾರೋ ಶರಬತ್ತು ಕೊಟ್ಟರು.

ಸೊಸೆ ಶಮೀಮ್ ಒಳಕೋಣೆಯಲ್ಲಿ ಮಲಗಿದ್ದಳು. ಮದುವೆಯಾಗಿ ಎರಡು ವರ್ಷ. ಗೋಷಾ ಮನೆತನ. ಗಂಡಸಾದ ನಾನು ಒಳಗೆ ಹೋಗುವಂತಿರಲಿಲ್ಲ. ಇಂಥ ಮನೆಗಳಿಗೆಂದೇ ನಮ್ಮಲ್ಲಿ ಲೇಡಿ ಹೆಲ್ತ್ ವಿಸಿಟರ್ ಶಾಂತಾಬಾಯಿ ಇದ್ದರು. ಆದರೆ ಅವರು ತರಬೇತಿಗೆಂದು ಚಿಂಚೋಳಿಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಬರುವವರಿದ್ದರು.

ಖೈರೂನಬಿ ಸೊಸೆಯನ್ನು ಎಬ್ಬಿಸಿಕೊಂಡು ಬಂದು ಪರದೆಯ ಅಂಚಿನಲ್ಲಿ ನಿಲ್ಲಿಸಿದಳು. ನಾನು ಕಂಡದ್ದು ಅರ್ಧ ಮುಖ, ಒಂದು ಮುಂಗೈ. ಎರಡರ ಮೇಲೂ ನೀರು ತುಂಬಿದ ಗುಳ್ಳೆಗಳು. ಹುಡುಗಿ ನಿಲ್ಲಲಾರದೆ ಅತ್ತೆಯ ಹೆಗಲಿಗೆ ಒರಗಿದಳು.

“ಬೆನ್ನ ಮ್ಯಾಲ, ಎದಿ ಮ್ಯಾಲ ಭಾಳ ಅದಾವರಿ,” ಎಂದಳು ಖೈರೂನಬಿ. “ಮೊದಲ ಅಲ್ಲೇ ಎದ್ದಾವ. ಮುಖಕ್ಕ ನಿನ್ನಿ ಬಂದಾವ. ಮೊದಲ ಬಂದಾವು ಆಗಲೇ ಒಣಗಲಿಕತ್ಯಾವ.”

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಸಿಡುಬು ಮತ್ತು ಚಿಕನ್‌ಪಾಕ್ಸ್, ಅಂದರೆ ಸೀತಾಳೆ ಸಿಡುಬು, ನೋಡಲು ಒಂದೇ ತರ. ಆದರೆ ಸಿಡುಬಿನ ಗುಳ್ಳೆ ಮುಖ, ಕೈಕಾಲು, ಅಂಗೈ, ಅಂಗಾಲಿನ ಮೇಲೆ ದಟ್ಟ. ಎಲ್ಲವೂ ಒಟ್ಟಿಗೆ ಎದ್ದು ಒಟ್ಟಿಗೆ ಮಾಗುತ್ತವೆ. ಚಿಕನ್‌ಪಾಕ್ಸ್ ಮೊದಲು ಎದೆ, ಬೆನ್ನಿನ ಮೇಲೆ ಏಳುತ್ತದೆ, ಅಲ್ಲೇ ದಟ್ಟ. ಕೆಲವು ಒಣಗುವಾಗ ಕೆಲವು ಹೊಸದಾಗಿ ಏಳುತ್ತಿರುತ್ತವೆ. ಮೊದಲನೆಯದು ಕೊಲ್ಲುವ ರೋಗ. ಎರಡನೆಯದು ಎರಡು ವಾರದಲ್ಲಿ ತಾನೇ ಹೋಗುವಂಥದು. ಇದು ನಮಗೆ ತರಬೇತಿಯ ಮೊದಲ ವಾರವೇ ಕಲಿಸಿದ ಪಾಠ. ಅಕ್ಷರ ಬಾರದ ಆ ಹೆಣ್ಣುಮಗಳು ಪಾಠವನ್ನೇ ನನ್ನ ಮುಂದೆ ಒಪ್ಪಿಸಿದ್ದಳು. ನನ್ನ ಕಿವಿಗೆ ಅದು ಬಿತ್ತು. ತಲೆಯಲ್ಲಿ ಅಮಾನತಾದವರ ಮನೆಯ ಮುಚ್ಚಿದ ಬಾಗಿಲು ಇತ್ತು.

ಅಲ್ಲಿ ಏನನ್ನೂ ಹೇಳಲಿಲ್ಲ. ಅಷ್ಟು ಜನರ ನಡುವೆ ಹೇಳುವ ಧೈರ್ಯವಾಗಲಿಲ್ಲ. ಶರಬತ್ತು ಕುಡಿದು ಮುಗಿಸಿ, ವಾಡಿಗೆ ಹಿಂದಿರುಗಿ, ಅಂಚೆ ಕಚೇರಿಯಿಂದ ನನ್ನ ಮೇಲಧಿಕಾರಿಯಾಗಿದ್ದ ಚಿತ್ತಾಪುರದ ಡಾಕ್ಟರರಿಗೆ ಟ್ರಂಕ್ ಕಾಲ್ ಮಾಡಿದೆ. ಅವರು ಹೇಳಿದ್ದು ಇಷ್ಟು: “ನೋಡಿದವರು ನೀವು. ಸಿಡುಬು ಅನಿಸಿದರೆ ತಡೀರಿ. ಇಲ್ಲ ಅನಿಸಿದರೆ ಬಿಡ್ರಿ. ನಾಳೆ ಏನಾದರೂ ಆದರೆ ಸಹಿ ನಿಮ್ಮದು.”

ಫಾರಂನಲ್ಲಿ ರೋಗದ ಹೆಸರಿನ ಮುಂದೆ ‘ಸಿಡುಬು’ ಎಂದು ಬರೆದು ಸಹಿ ಮಾಡಿದೆ. ಒಂದು ಪ್ರತಿ ಗುಲಬರ್ಗಾದ ಜಿಲ್ಲಾ ಕಚೇರಿಗೆ ಹೋಯಿತು. ಆಗ ಮಧ್ಯಾಹ್ನ ಒಂದೂವರೆ.

ನಾಲ್ಕು ಗಂಟೆಗೆ ರೈಲ್ವೆ ಪೊಲೀಸರ ಒಬ್ಬ ಜಮಾದಾರನನ್ನು ಕರೆದುಕೊಂಡು ಪ್ಲಾಟ್‌ಫಾರಂಗೆ ಹೋದೆ. ರಾವೂರದಿಂದ ನೂರು ಜನರಾದರೂ ಬಂದಿದ್ದರು. ಗಾಡಿ ಬಂದು ನಿಂತು, ಇಬ್ಬರೂ ಹತ್ತಿ, ಮಗ ರಜಾಕ್ ಟ್ರಂಕು, ಹಾಸಿಗೆ ಸುರುಳಿ ಒಳಗೆ ಇಟ್ಟಾಗಿತ್ತು. ಖೈರೂನಬಿ ಕಿಟಕಿಯಲ್ಲಿ ಕೂತಿದ್ದಳು. ಕೊರಳ ತುಂಬ ಸೇವಂತಿಗೆ ಹಾರ. ನನ್ನನ್ನು ಕಂಡು, ಬೀಳ್ಕೊಡಲು ಬಂದೆನೆಂದುಕೊಂಡು, “ಸಾಹೇಬರೂ ಬಂದಾರ ನೋಡ್ರಿ!” ಎಂದು ಗಂಡನಿಗೆ ತೋರಿಸಿದಳು.

“ಇಳೀರಿ,” ಎಂದೆ. “ಮನೆಯಲ್ಲಿ ಸಿಡುಬು ಅದ. ನೀವು ಹೋಗುವಂಗಿಲ್ಲ.”

ಮಹಬೂಬಸಾಬರು ನನ್ನ ಮುಖವನ್ನೇ ನೋಡಿದರು. “ಮುಂಜಾನಿ ಹೇಳಲಿಲ್ಲಲ್ರಿ?”

“ಮೇಲಿನ ಹುಕುಂ ಈಗ ಬಂತು,” ಎಂದೆ. ಹುಕುಂ ಯಾರಿಂದಲೂ ಬಂದಿರಲಿಲ್ಲ.

ಸಿಡುಬು ಎಂಬ ಮಾತು ಕೇಳಿದ್ದೇ ಡಬ್ಬಿಯೊಳಗೆ ಗದ್ದಲವೆದ್ದಿತು. ಪಕ್ಕದಲ್ಲಿ ಕೂತಿದ್ದವರು ಮೂಗಿಗೆ ಬಟ್ಟೆ ಒತ್ತಿಕೊಂಡು ಎದ್ದರು. ಇವರು ಇಳಿಯುವುದಕ್ಕೂ ಮೊದಲೇ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಹಾಸಿಗೆ ಸುರುಳಿಯನ್ನು ಕಾಲಿನಿಂದ ಬಾಗಿಲ ಹೊರಗೆ ನೂಕಿದ. ಟ್ರಂಕು ಪ್ಲಾಟ್‌ಫಾರಂಗೆ ಬಿದ್ದು ಬಾಯಿ ಬಿಟ್ಟಿತು. ಒಳಗಿದ್ದ ಇಹ್ರಾಮಿನ ಬಿಳಿ ಬಟ್ಟೆ, ಯಾತ್ರೆಯಲ್ಲಿ ತೊಡುವ ಹೊಲಿಗೆಯಿಲ್ಲದ ಬಟ್ಟೆ, ಕಲ್ಲಿದ್ದಲ ಪುಡಿಯಲ್ಲಿ ಹರಡಿತು. ಖೈರೂನಬಿ ಇಳಿದು ಅದನ್ನು ಒಂದೊಂದಾಗಿ ಕೊಡವಿ ಮಡಿಸತೊಡಗಿದಳು. ಆಕೆಗೆ ನೆರವಾಗಲು ಯಾರೂ ಹತ್ತಿರ ಹೋಗಲಿಲ್ಲ. ಐದು ನಿಮಿಷದ ಹಿಂದೆ ಅವರ ಕೈಗೆ ಮುತ್ತಿಟ್ಟು ದುವಾ ಕೇಳಿದ ನೂರು ಜನ ಪ್ಲಾಟ್‌ಫಾರಂನ ಆ ತುದಿಗೆ ಸರಿದಿದ್ದರು.

ಶುಕ್ರವಾರ ಬೆಳಿಗ್ಗೆ ಶಾಂತಾಬಾಯಿ ಬಂದರು. ಅವರನ್ನು ರಾವೂರಕ್ಕೆ ಕರೆದೊಯ್ದೆ. ಒಳಗೆ ಹೋದವರು ಹತ್ತೇ ನಿಮಿಷದಲ್ಲಿ ಹೊರಗೆ ಬಂದರು.

“ಇದು ಸಿಡುಬಲ್ರಿ. ಬೆನ್ನು ತುಂಬ ಅದಾವ. ಒಂದು ಕಡಿ ನೀರು, ಒಂದು ಕಡಿ ಹಕ್ಕಳಿ. ಅಂಗೈ, ಅಂಗಾಲು ಸ್ವಚ್ಛ ಅದಾವ. ಚಿಕನ್‌ಪಾಕ್ಸ್. ನೀವು ಬೆನ್ನಿನ ಸುದ್ದಿ ಕೇಳಲಿಲ್ಲೇನು?”

“ನೋಡಿದ್ದನ್ನು ಒಂದು ಕಾಗದದಲ್ಲಿ ಬರೆದುಕೊಡ್ರಿ,” ಎಂದೆ.

ಆದರೂ ಕಾಲ ಮೀರಿರಲಿಲ್ಲ. ಖೈರೂನಬಿ ಹಟ ಹಿಡಿದು ಇಡಿಸಿದ್ದ ಮುಂಬೈಯ ನಾಲ್ಕು ದಿನಗಳು ಕೈಯಲ್ಲಿದ್ದವು. ಭಾನುವಾರ ಸಂಜೆಯ ಗಾಡಿ ಸಿಕ್ಕರೂ ಸೋಮವಾರ ಬೆಳಿಗ್ಗೆ ಮುಂಬೈ, ಮಂಗಳವಾರ ಹಡಗು. ನಾನು ಹಾಗೆ ಹೇಳಿದಾಗ ಆಕೆ ಒಳಬಾಗಿಲಲ್ಲಿ ಟ್ರಂಕಿನ ಮೇಲೆ ಕೂತಿದ್ದವಳು ಎದ್ದು ನಿಂತಳು. “ಬಸ್ಸೂ ಬ್ಯಾಡ, ಬಾಗೂ ಬ್ಯಾಡ. ಇಳದು ಸೀದಾ ಜಹಾಜ್ ಹತ್ತತೀವಿ. ಹೆದರಿಕಿನೂ ಇಲ್ಲರಿ ಈಗ. ಅಷ್ಟು ಮಾಡ್ರಿ.”

ನಾನು ಬರೆದ ವರದಿಯನ್ನು ರದ್ದು ಮಾಡುವ ಅಧಿಕಾರ ನನಗಿರಲಿಲ್ಲ. ಅದು ಜಿಲ್ಲಾ ಕಚೇರಿಯ ಕೈಯಲ್ಲಿತ್ತು. ಶನಿವಾರ ಬೆಳಗಿನ ಗಾಡಿಗೆ ಗುಲಬರ್ಗಾಕ್ಕೆ ಹೋದೆ. ಶಾಂತಾಬಾಯಿ ಬರೆದುಕೊಟ್ಟ ಕಾಗದ ಜೇಬಿನಲ್ಲಿತ್ತು. ಮೂರು ತಾಸು ಕಾದ ಮೇಲೆ ಅಧಿಕಾರಿ ಒಳಗೆ ಕರೆದರು. ನನ್ನ ಗುರುವಾರದ ವರದಿಯನ್ನೂ ಶುಕ್ರವಾರದ ಕಾಗದವನ್ನೂ ಪಕ್ಕಪಕ್ಕ ಇಟ್ಟುಕೊಂಡರು.

“ಮೊನ್ನೆ ಸಿಡುಬು ಅಂತ ಬರೆದವರು ನೀವು. ಇವತ್ತು ಅಲ್ಲ ಅನ್ನುವವರೂ ನೀವು. ಎರಡರಲ್ಲಿ ಯಾವುದನ್ನು ಓದಲಿ?”

“ಸರ್, ಮೊನ್ನೆ ನಾನು ರೋಗಿಯನ್ನು ಸರಿಯಾಗಿ ನೋಡಿರಲಿಲ್ಲ.”

“ಹಾಗಂತ ಬರೆದುಕೊಡಿ. ನೋಡದೆ ಬರೆದೆ ಅಂತ. ಇವತ್ತೇ ನಿಮ್ಮ ಮೇಲೆ ಕ್ರಮ ತಗೋತೀನಿ, ಇವತ್ತೇ ಆದೇಶ ರದ್ದು ಮಾಡ್ತೀನಿ.” ಅವರು ಬಿಳಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. “ಇಲ್ಲವಾದರೆ ಗುಳ್ಳೆಯ ಹಕ್ಕಳೆ ಕಳಿಸಿ. ಪ್ರಯೋಗಾಲಯದ ಉತ್ತರ ಬರಲಿ.”

ಆ ಹಾಳೆ ನನ್ನ ಮುಂದೆ ಎಷ್ಟು ಹೊತ್ತು ಇತ್ತೋ. ನನಗಾಗ ಮೂವತ್ತೆಂಟು ವರ್ಷ, ಮನೆಯಲ್ಲಿ ನಾಲ್ಕು ಮಕ್ಕಳು. ಇದನ್ನು ಸಮರ್ಥನೆಗಾಗಿ ಹೇಳುತ್ತಿಲ್ಲ. ಆಗ ತಲೆಗೆ ಬಂದದ್ದು ಅದು. ಪೆನ್ನು ತೆರೆದೆ, ಮುಚ್ಚಿದೆ. “ಹಕ್ಕಳೆ ಕಳಿಸುತ್ತೇನೆ ಸರ್,” ಎಂದೆ.

ಭಾನುವಾರ ಸಂಜೆ ರಾವೂರಕ್ಕೆ ಹೋದೆ. ಬಾಗಿಲಿಗೆ ಅಂಟಿಸಿದ ಇಲಾಖೆಯ ನೋಟಿಸು ಅಲ್ಲೇ ಇತ್ತು. ಅಂಗಳದಲ್ಲಿ ಮೂವರೂ ನಿಂತಿದ್ದರು. ಖೈರೂನಬಿ ಬುರ್ಖಾ ಹಾಕಿಕೊಂಡು ಸಿದ್ಧವಾಗಿದ್ದಳು. ರಜಾಕ್ ಟ್ರಂಕನ್ನು ಹೆಗಲಿಗೇರಿಸಿದ್ದ. “ಆಗಲಿಲ್ಲ,” ಎಂದೆ. ವಾಡಿ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. “ಹೋತೇನ್ರಿ?” ಎಂದು ಖೈರೂನಬಿ ಗಂಡನನ್ನು ಕೇಳಿದಳು. ಮಹಬೂಬಸಾಬರು ಮಗನ ಹೆಗಲಿಂದ ಟ್ರಂಕು ಇಳಿಸಿಕೊಂಡು ಒಳಗೆ ಹೋದರು.

ಆಮೇಲಿನ ಹದಿನಾಲ್ಕು ದಿನ ಊರು ಅವರನ್ನು ನಡೆಸಿಕೊಂಡ ಬಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಲು ನಿಂತಿತು. ನೀರಿನ ಕೊಡವನ್ನು ಓಣಿಯ ತುದಿಯಲ್ಲಿಟ್ಟು ಓಡಿಹೋಗುತ್ತಿದ್ದರು. ಬೀಳ್ಕೊಡುಗೆಯ ಊಟ ಉಂಡವರು, ರೋಗ ಮುಚ್ಚಿಟ್ಟು ನಮಗೆ ಉಣಿಸಿದರು ಎಂದು ಬೈದರು. ಕುರಕುಂಟಾದಿಂದ ಬಂದ ಶಮೀಮಳ ತಾಯಿಯನ್ನು ಊರ ಹೊರಗೇ ತಡೆದು ಕಳಿಸಿದರು. ಅವಧಿ ಮುಗಿದು ಗಣಿಗೆ ಹೋದ ಮಹಬೂಬಸಾಬರಿಗೆ ಅಲ್ಲಿ ‘ವಾಡಿ ಹಾಜಿ’ ಎಂದು ಹೆಸರು ಬಿತ್ತು. ವಾಡಿಯ ತನಕ ಹೋಗಿ ಬಂದ ಹಾಜಿ. ಅವರು ಬಾಯಿ ತೆರೆದು ಕೆಲಸ ಹೇಳಿದಾಗಲೆಲ್ಲ ಹಿಂದಿನಿಂದ ಯಾರಾದರೂ ಆ ಹೆಸರು ಹಿಡಿದು ಕೂಗುತ್ತಿದ್ದರು. ಅವರು ರಾವೂರದ ಮಸೀದಿ ಬಿಟ್ಟು ಶುಕ್ರವಾರದ ನಮಾಜಿಗೆ ಶಹಾಬಾದಕ್ಕೆ ನಡೆದು ಹೋಗತೊಡಗಿದರು.

ಹೆಂಗಸರು ಆಡಿದ ಮಾತು ಇದಕ್ಕಿಂತ ಕೆಟ್ಟದ್ದು. ಖುದಾನ ಕರೆ ಇದ್ದವರಿಗೆ ಮಾತ್ರ ಹಜ್ ಆಗುತ್ತದೆ, ಅದನ್ನು ಬುಲಾವಾ ಅನ್ನುತ್ತಾರೆ. ಖೈರೂನಬಿ ಗಾಡಿ ಹತ್ತಿ ಕೂತಿದ್ದಳು, ಅಲ್ಲಿಂದ ಖುದಾ ಇಳಿಸಿ ಕಳಿಸಿದನೆಂದರೆ ಆಕೆ ಏನು ಮಾಡಿರಬೇಕು ಎಂದು ಆಕೆಗೆ ಕೇಳಿಸುವಂತೆಯೇ ಮಾತಾಡಿಕೊಂಡರು.

ಹತ್ತೊಂಬತ್ತನೆಯ ದಿನ ಪ್ರಯೋಗಾಲಯದ ಉತ್ತರ ಬಂತು. ಸಿಡುಬು ಅಲ್ಲ. ಅದನ್ನು ಹಿಡಿದು ರಾವೂರಕ್ಕೆ ಹೋದೆ. ಶಮೀಮ್ ಗುಣವಾಗಿ ಅಂಗಳ ಗುಡಿಸುತ್ತಿದ್ದಳು. ಅವಧಿ ಮುಗಿದರೂ ಬಾಗಿಲಲ್ಲೇ ಇದ್ದ ನೋಟಿಸನ್ನು ಕಿತ್ತೆ. ಖೈರೂನಬಿ ಬಾಗಿಲಿಗೆ ಬಂದು ಕೇಳಿದಳು:

“ಸಾಹೇಬ್ರ, ನೀವು ಓದಿದವ್ರು. ಒಂದು ಹೇಳ್ರಿ. ಬ್ಯಾನಿ ಸುಳ್ಳಾತು. ತಡದದ್ದು ಮಾತ್ರ ಖರೆ ಆತು. ಅಂದ್ರ ತಡದಾಂವ ಅವನೇ ಅಲ್ಲೇನು? ನನಗ ಬುಲಾವಾ ಇರಲಿಲ್ಲೇನ್ರಿ?”

ತಡೆದವನು ನಾನು. ಬೆನ್ನು ನೋಡದೆ ಬರೆದೆ, ನೀನು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ, ತಪ್ಪು ತಿದ್ದಲು ಕೊಟ್ಟ ಹಾಳೆಯನ್ನು ಹಿಂದಕ್ಕೆ ತಳ್ಳಿ ಬಂದೆ. ಇಷ್ಟು ಹೇಳಿದ್ದರೆ ಆಕೆ ನನ್ನನ್ನು ಶಪಿಸುತ್ತಿದ್ದಳು. ತನ್ನನ್ನು ತಾನು ಶಪಿಸಿಕೊಳ್ಳುವುದು ಅಲ್ಲಿಗೆ ನಿಲ್ಲುತ್ತಿತ್ತು.

“ಮೇಲಿನ ಹುಕುಂ ಆಗಿತ್ತು, ಖೈರೂನಬಿ,” ಎಂದು ಸೈಕಲ್ ಹತ್ತಿದೆ. ‘ಮೇಲಿನ’ ಎಂದರೆ ಖುದಾನದೆಂದೇ ಆಕೆ ತಿಳಿದಳೆಂದು ನನಗೆ ಅರ್ಥವಾಗಲು ತಡವಾಗಲಿಲ್ಲ. ತಿರುಗಿ ಹೋಗಿ ತಿದ್ದಲಿಲ್ಲ.

ಮುಂದಿನ ವರ್ಷದ ಚೀಟಿಯಲ್ಲಿ ಅವರ ಹೆಸರು ಬರಲಿಲ್ಲ. ಅದರಾಚೆಯ ವರ್ಷ, 1971ರ ಬೇಸಗೆಯಲ್ಲಿ ಖೈರೂನಬಿ ತೀರಿಕೊಂಡಳು. ಮೂರು ದಿನದ ಜ್ವರ. ನಾನಾಗ ಸೇಡಂಗೆ ವರ್ಗವಾಗಿದ್ದೆ, ಮಣ್ಣಿಗೆ ಹೋಗಲಿಲ್ಲ.

1972ರ ಕೊನೆಗೆ ಒಂದು ಮಧ್ಯಾಹ್ನ ಮಹಬೂಬಸಾಬರು ಸೇಡಂನ ನನ್ನ ಕಚೇರಿಗೆ ಬಂದರು. ಮಗನ ಜೊತೆ ಹೆಸರು ಬಂದಿತ್ತು. ಲಸಿಕೆ, ಪುಸ್ತಕ ಎಲ್ಲ ವಾಡಿಯಲ್ಲೇ ಮುಗಿದಿತ್ತು. ಮತ್ತೆ ಇಲ್ಲಿಯ ತನಕ ಯಾಕೆ ಬಂದರೋ ತಿಳಿಯಲಿಲ್ಲ. ಅವರು ಕೂರಲಿಲ್ಲ. ಟೋಪಿ ಸರಿಮಾಡಿಕೊಂಡು ಎರಡೂ ಕೈ ಮುಂದೆ ಹಿಡಿದರು.

“ಹಜ್‌ಕ ಹೋಗೂ ಮೊದಲ ಎಲ್ಲಾರ ಕಡಿಂದ ಮಾಫಿ ಕೇಳಬೇಕು, ನಮ್ಮಾಗ ಹಂಗ ಅದ. ಆವತ್ತ ಇಸ್ಟೇಶನ್‌ದಾಗ ನಿಮ್ಮ ಮ್ಯಾಲ ನನ್ನ ಮನಸಿನ್ಯಾಗ ಭಾಳ ಕೆಟ್ಟ ಮಾತು ಬಂದಿತ್ತು. ನೀವು ಹುಕುಂ ನಡಸೀರಿ, ನಿಮ್ಮದೇನು ತಪ್ಪು? ಮಾಫ್ ಮಾಡ್ರಿ.”

ಆಗ ಎಲ್ಲವನ್ನೂ ಹೇಳಿದೆ. ಹುಕುಂ ಇರಲಿಲ್ಲ ಎಂದೆ. ಬೆನ್ನಿನ ಮಾತು, ಡಾಕ್ಟರರ ಮಾತು, ಬಿಳಿ ಹಾಳೆಯ ಮಾತು, ಒಂದೂ ಬಿಡದೆ ಹೇಳಿದೆ. ಅವರು ಕೈ ಇಳಿಸಿ ಕೇಳಿಸಿಕೊಂಡರು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಆಮೇಲೆ ಅಂದರು:

“ಕಡಿತನಕ ಕೇಳತಿದ್ಲು, ನಾ ಏನ್ ಗುನ್ಹೆ ಮಾಡೀನಿ ಅಂತ. ಜ್ವರದಾಗೂ ಅದೇ ಮಾತು. ನನ್ನ ಕಡಿ ಜವಾಬ್ ಇರಲಿಲ್ಲ. ನಿಮ್ಮ ಕಡಿ ಇತ್ತು.”

“ನನ್ನನ್ನು ಕ್ಷಮಿಸ್ರಿ,” ಎಂದೆ.

“ನನ್ನ ಪಾಲಿಂದು ಮಾಫ್ ಅದ,” ಎಂದರು ಮಹಬೂಬಸಾಬ್. “ಅಕಿ ಪಾಲಿಂದು ಮಾಫ್ ಮಾಡ್ಲಿಕ್ಕ ನನಗ ಹಕ್ಕಿಲ್ಲ.”

ಹೇಳಿ ಹೊರಟುಹೋದರು. ಆ ವರ್ಷ ಅವರು ಹಜ್ ಮುಗಿಸಿ ಬಂದರೆಂದು ಕೇಳಿದೆ. ಭೇಟಿಯಾಗಲು ಮುಖವಿರಲಿಲ್ಲ.

ಆಮೇಲೆ ನಾನು ಹದಿನೇಳು ವರ್ಷ ನೌಕರಿ ಮಾಡಿದೆ. ನಮ್ಮ ವರದಿಯ ಫಾರಂನಲ್ಲಿ ರೋಗದ ಹೆಸರಿಗೆ ಜಾಗವಿತ್ತು, ‘ಗೊತ್ತಿಲ್ಲ’ ಎನ್ನುವುದಕ್ಕೆ ಇರಲಿಲ್ಲ. ರೋಗಿಯನ್ನು ಪೂರ್ತಿ ನೋಡಲಾಗದ ಮನೆಗಳಿಂದ ಬಂದಾಗ ಅಂಚಿನಲ್ಲಿ ಕೈಯಿಂದ ಬರೆಯುತ್ತಿದ್ದೆ: ‘ಮುಖ ಮತ್ತು ಒಂದು ಕೈ ಮಾತ್ರ ನೋಡಿದ್ದೇನೆ. ರೋಗ ಯಾವುದೆಂದು ಹೇಳಲಾರೆ.’ ಇದಕ್ಕಾಗಿ ಎರಡು ಸಲ ಮೆಮೊ ಬಂತು. ಉತ್ತರ ಕೊಟ್ಟೆ. ನೌಕರಿ ಹೋಗಲಿಲ್ಲ. ಆ ಶನಿವಾರ ಗುಲಬರ್ಗಾದಲ್ಲಿ ಬರೆದಿದ್ದರೂ ಬಹುಶಃ ಹೋಗುತ್ತಿರಲಿಲ್ಲ.